ಆಯ್ದ ಮಕ್ಕಳ ಶಾಲೆ, ಕಾಲೇಜಿನ ಬಾಗಿಲು

(ಶಿರಸಿಯಲ್ಲಿ ಪಾಲಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಐದನೆಯ ತರಗತಿಯ ಮಗುವಿರುವ ಮನೆಯಲ್ಲಿ 'ನವೋದಯ'ದ ಮಾತು ಒಮ್ಮೆಯಾದರೂ ಬಂದೇ ಬರುತ್ತದೆ. ಪರೀಕ್ಷೆಗೆ ಕೂರಿಸುವುದೋ ಬೇಡವೋ, ಸೀಟು ಸಿಕ್ಕಿದರೆ ಅಷ್ಟು ಸಣ್ಣ ಮಗುವನ್ನು ಮುಂಡಗೋಡ ತಾಲ್ಲೂಕಿನ ಹಾಸ್ಟೆಲಿನಲ್ಲಿ ಬಿಟ್ಟು ಬರುವುದು ಹೇಗೆ ಎಂದೆಲ್ಲ ಚರ್ಚೆ ನಡೆಯುತ್ತದೆ. ಕೊನೆಗೆ ಯಾರಾದರೊಬ್ಬರು ಕೇಳುತ್ತಾರೆ: ಅಲ್ಲಿ ಓದಿದವರಿಗೆ ಮುಂದೆ ಒಳ್ಳೆಯ ಕಾಲೇಜು ಸಿಕ್ಕುವುದು ಖಾತ್ರಿಯಂತೆ, ಹೌದೆ? ಆ ಪ್ರಶ್ನೆಯನ್ನು ಇಂದು ಸ್ವಲ್ಪ ಬಿಡಿಸಿ ನೋಡೋಣ.

1985-86ರಲ್ಲಿ ಹರಿಯಾಣದ ಝಜ್ಜರ್ ಮತ್ತು ಮಹಾರಾಷ್ಟ್ರದ ಅಮರಾವತಿಯಲ್ಲಿ ಎರಡು ನವೋದಯಗಳು ಮೊದಲು ತೆರೆದವು. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಅವನ್ನು ಜಿಲ್ಲೆ ಜಿಲ್ಲೆಗೂ ಹಬ್ಬಿಸಿತು. ಒಂದು ಶಾಲೆಗೆ ವರ್ಷಕ್ಕೆ ಹೆಚ್ಚೆಂದರೆ 80 ಮಕ್ಕಳು. ಅದರಲ್ಲಿ ಕನಿಷ್ಠ ಶೇ. 75 ಗ್ರಾಮೀಣರಿಗೆ, ಮೂರನೆಯ ಒಂದು ಭಾಗ ಹೆಣ್ಣುಮಕ್ಕಳಿಗೆ. ಊಟ, ವಸತಿ, ಪುಸ್ತಕ ಎಲ್ಲ ಸರ್ಕಾರದ್ದೇ. ಬಡವರ ಮನೆಯ ಜಾಣ ಮಗುವಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ, ಒಪ್ಪೋಣ. ಆದರೆ ಇಡೀ ಜಿಲ್ಲೆಯನ್ನು ಜರಡಿ ಹಿಡಿದು ಗಟ್ಟಿಕಾಳು ಆರಿಸಿ ಬಿತ್ತಿದ ಮೇಲೆ, ಬೆಳೆ ಚೆನ್ನಾಗಿ ಬಂದರೆ ಶ್ರೇಯಸ್ಸು ಗದ್ದೆಗೋ ಬೀಜಕ್ಕೋ?

ಅಮೆರಿಕದಲ್ಲಿ ಈ ಪ್ರಶ್ನೆಯನ್ನು ಲೆಕ್ಕ ಹಾಕಿಯೇ ನೋಡಿದ್ದಾರೆ. ನ್ಯೂಯಾರ್ಕ್, ಬಾಸ್ಟನ್ ನಗರಗಳಲ್ಲೂ ಪ್ರವೇಶ ಪರೀಕ್ಷೆ ನಡೆಸಿ ಮಕ್ಕಳನ್ನು ಆಯುವ ಸರ್ಕಾರಿ ಹೈಸ್ಕೂಲುಗಳಿವೆ. ಕೊನೆಯ ಸೀಟನ್ನು ಕೂದಲೆಳೆಯಲ್ಲಿ ಗಿಟ್ಟಿಸಿದವರನ್ನೂ ಕೂದಲೆಳೆಯಲ್ಲಿ ಕಳೆದುಕೊಂಡವರನ್ನೂ ಅಕ್ಕಪಕ್ಕ ಇಟ್ಟು ಅಲ್ಲಿನ ಅರ್ಥಶಾಸ್ತ್ರಜ್ಞರು ಹೋಲಿಸಿದರು. ಇಬ್ಬರ ಬುದ್ಧಿಯೂ ಹೆಚ್ಚುಕಡಿಮೆ ಒಂದೇ, ಸೇರಿದ ಶಾಲೆ ಮಾತ್ರ ಬೇರೆ. ಮುಂದೆ ನೊಬೆಲ್ ಪಡೆದ ಜೋಶುವಾ ಆಂಗ್ರಿಸ್ಟ್ ಮತ್ತು ಇಬ್ಬರು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಇಬ್ಬರ ಪರೀಕ್ಷಾ ಅಂಕಗಳಲ್ಲಿ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಅದೇ ವರ್ಷ ವಿಲ್ ಡಾಬಿ ಮತ್ತು ರೋಲಂಡ್ ಫ್ರೈಯರ್ ನ್ಯೂಯಾರ್ಕಿನ ಮಕ್ಕಳ ಕಾಲೇಜು ಪ್ರವೇಶವನ್ನು ನೋಡಿದಾಗಲೂ ಶಾಲೆಯ ಪ್ರಭಾವ ತೀರ ಕಡಿಮೆ ಎಂದೇ ಕಂಡಿತು.

ಅಲ್ಲಿಯದನ್ನು ಇಲ್ಲಿಗೆ ಹಾಗೆಯೇ ಅಂಟಿಸಲಾಗದು. ನವೋದಯ ತಪ್ಪಿದ ಮಗು ಎಲ್ಲಿ ಓದುತ್ತದೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಶಿಕ್ಷಕರೇ ಇಲ್ಲದ ಶಾಲೆಗೆ ಹೋಗುವ ಮಗುವಾದರೆ ನವೋದಯ ಬದುಕನ್ನೇ ತಿರುಗಿಸೀತು. ನಮ್ಮ ಶಿರಸಿ ಶೈಕ್ಷಣಿಕ ಜಿಲ್ಲೆಯ ಸ್ಥಿತಿ ಹಾಗಿಲ್ಲ. 2020ರ ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 625 ಪಡೆದ ಆರು ಮಂದಿಯಲ್ಲಿ ಒಬ್ಬಳು ಇದೇ ಊರಿನ ಮಾರಿಕಾಂಬಾ ಸರ್ಕಾರಿ ಹೈಸ್ಕೂಲಿನವಳು. 2025ರಲ್ಲಿ ಅಷ್ಟೇ ಅಂಕ ಪಡೆದ 22 ಮಂದಿಯಲ್ಲಿ ಶಿರಸಿಯ ಸರ್ಕಾರಿ ಉರ್ದು ಹೈಸ್ಕೂಲಿನ ಹುಡುಗಿಯೊಬ್ಬಳಿದ್ದಳು. ಇವೆರಡೂ ನವೋದಯದಂತೆ ಜಿಲ್ಲೆಯನ್ನೆಲ್ಲ ಜಾಲಿಸಿ ಮಕ್ಕಳನ್ನು ಆಯುವ ಶಾಲೆಗಳಲ್ಲ.

ಆದರೆ ಸಿಹಿ ಹಂಚುವ ಸಂಭ್ರಮದಲ್ಲಿ ನಾವು ಮರೆಯುವ ಸಂಗತಿಯೊಂದಿದೆ. ವೃತ್ತಿಶಿಕ್ಷಣದ ಬಾಗಿಲಲ್ಲಿ ಆ 625ಕ್ಕೆ ಕವಡೆ ಕಿಮ್ಮತ್ತಿಲ್ಲ. 1994ರಲ್ಲಿ ಶುರುವಾದ ಸಿಇಟಿಯಲ್ಲಿ ಎಂಜಿನಿಯರಿಂಗ್ ರ್‍ಯಾಂಕು ಬರುವುದು ಅರ್ಧ ಪಿಯುಸಿಯ ಅಂಕದಿಂದ, ಅರ್ಧ ಸಿಇಟಿಯ ಅಂಕದಿಂದ. ವೈದ್ಯಕೀಯಕ್ಕೆ ನೀಟ್, ಐಐಟಿಗೆ ಜೆಇಇ. ಹತ್ತನೆಯ ತರಗತಿಯವರೆಗಿನ ಓದಿನಲ್ಲಿ ಈ ಬಾಗಿಲಲ್ಲಿ ನೇರವಾಗಿ ಲೆಕ್ಕಕ್ಕೆ ಬರುವುದು ಅಂಕವಲ್ಲ. ಯಾವ ಊರಿನಲ್ಲಿ, ಯಾವ ಭಾಷೆಯಲ್ಲಿ ಓದಿದಿರಿ ಎಂಬುದು.

ರಾಜ್ಯದ ಸೀಟುಗಳಲ್ಲಿ ಶೇ. 15 ಗ್ರಾಮೀಣರಿಗೆ ಮೀಸಲು. ಷರತ್ತೆಂದರೆ ಒಂದರಿಂದ ಹತ್ತರವರೆಗಿನ ಹತ್ತೂ ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಶಿರಸಿ ನಗರಸಭೆ; ಸಿದ್ದಾಪುರ, ಯಲ್ಲಾಪುರ ಪಟ್ಟಣ ಪಂಚಾಯತಿಗಳು. ಇವುಗಳ ಗಡಿಯೊಳಗಿನ ಶಾಲೆ ಗ್ರಾಮೀಣವಲ್ಲ. ಈಗ ಘಟ್ಟದ ಕೊಳ್ಳದಲ್ಲಿರುವ ಒಂದು ಒಂಟಿ ಮನೆಯ ಹುಡುಗಿಯನ್ನು ನೆನೆಯಿರಿ. ಏಳನೆಯವರೆಗೆ ಊರ ಶಾಲೆಯಲ್ಲಿ ಓದಿದಳು. ಮಾಸ್ತರರೇ 'ಇವಳನ್ನು ಪೇಟೆಗೆ ಹಾಕಿ' ಎಂದರು. ಮಳೆಗಾಲದಲ್ಲೂ ಹಳ್ಳ ದಾಟಿ, ಬಸ್ಸು ಹಿಡಿದು ಮೂರು ವರ್ಷ ಪೇಟೆಯ ಹೈಸ್ಕೂಲಿಗೆ ಹೋದಳು. ರಾತ್ರಿ ಮಲಗಿದ್ದು ಹಳ್ಳಿಯಲ್ಲೇ, ಕೊಟ್ಟಿಗೆ ಕೆಲಸ ಮಾಡಿದ್ದೂ ಹಳ್ಳಿಯಲ್ಲೇ. ಸಿಇಟಿಯ ಕಣ್ಣಿಗೆ ಮಾತ್ರ ಅವಳು ಗ್ರಾಮೀಣಳಲ್ಲ! ಏಳು ವರ್ಷದ ಓದು ಆ ಮೂರು ವರ್ಷದಲ್ಲಿ ಕೊಚ್ಚಿಹೋಯಿತು. ಊರ ಹತ್ತಿರದ ಹೈಸ್ಕೂಲಿನಲ್ಲೇ ಉಳಿದ ಅವಳ ಗೆಳತಿಗೆ ಅದೇ ರ್‍ಯಾಂಕು ಬಂದರೂ ಸೀಟಿನ ಸಾಧ್ಯತೆ ಹೆಚ್ಚು. ನಿಯಮಕ್ಕೆ ಕಾರಣವಿದೆ, ಊರ ಶಾಲೆ ಉಳಿಯಲಿ ಎಂಬ ಆಶಯವೂ ಅದರೊಳಗಿದ್ದೀತು. ಆದರೆ ಹತ್ತಿರದಲ್ಲಿ ಹೈಸ್ಕೂಲೇ ಇಲ್ಲದ ಕೊಳ್ಳಗಳಿಗೆ ಈ ಅಳತೆಗೋಲು ನ್ಯಾಯದ್ದೆಂದು ನನಗೆ ಅನ್ನಿಸುವುದಿಲ್ಲ.

ಇನ್ನು ಶೇ. 5 ಸೀಟು, ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ. ನವೋದಯದಲ್ಲಿ ಮೇಲಿನ ತರಗತಿಗಳಿಗೆ ಬರುವಾಗ ಗಣಿತ, ವಿಜ್ಞಾನ ಇಂಗ್ಲಿಷಿಗೆ ಹೊರಳುತ್ತವೆ, ಸಮಾಜ ಹಿಂದಿಗೆ. ಆದ್ದರಿಂದ ಹಳ್ಳಿಯಲ್ಲಿರುವ ನವೋದಯದಲ್ಲಿ ಓದಿದ ಹಳ್ಳಿಯ ಮಗುವಿಗೆ ಗ್ರಾಮೀಣ ಮೀಸಲು ಉಳಿಯುತ್ತದೆ, ಕನ್ನಡದ್ದು ಹೋಗುತ್ತದೆ. ಪೇಟೆಯ ಸರ್ಕಾರಿ ಕನ್ನಡ ಶಾಲೆಯದು ಇದಕ್ಕೆ ತಿರುಗುಮುರುಗು. ಹಳ್ಳಿಯ ಕನ್ನಡ ಹೈಸ್ಕೂಲಿನ ಮಗುವಿಗೆ ಎರಡೂ ಇವೆ. ಈ ಲೆಕ್ಕವನ್ನು ಎಂಟನೆಯ ತರಗತಿಗೆ ಸೇರಿಸುವಾಗ ಎಷ್ಟು ಮನೆಗಳಲ್ಲಿ ಹಾಕುತ್ತಾರೆ?

ಉಳಿದದ್ದು ಪಿಯುಸಿಯ ಎರಡು ವರ್ಷ. ನಿಜವಾದ ಜರಡಿ ಅಲ್ಲಿದೆ ಎಂದು ನನ್ನ ಅಭಿಪ್ರಾಯ. ಎಸ್ಸೆಸ್ಸೆಲ್ಸಿ ಮುಗಿದ ವಾರವೇ ದಕ್ಷಿಣ ಕನ್ನಡದ, ಧಾರವಾಡದ ವಸತಿ ಕಾಲೇಜುಗಳ ಕರಪತ್ರಗಳು ಬರುತ್ತವೆ. ಆಯ್ಕೆಯ ಸರ್ಕಾರಿ ಶಾಲೆಯ ದೊಡ್ಡ ಲಾಭ ಕಾಣುವುದೂ ಇಲ್ಲಿಯೇ: ನವೋದಯದಲ್ಲಿ ಹನ್ನೊಂದು, ಹನ್ನೆರಡು ಕೂಡ ಉಂಟು, ಊಟ ವಸತಿಯೊಂದಿಗೆ. ಅಲ್ಲಿಂದ ಮತ್ತೆ ಆಯ್ದವರಿಗೆ ದಕ್ಷಣಾ ಎಂಬ ಪ್ರತಿಷ್ಠಾನ 2007ರಿಂದ ಐಐಟಿಗೆ ಉಚಿತ ತರಬೇತಿ ಕೊಡುತ್ತ ಬಂದಿದೆ. ತೋಟ ಚಿಕ್ಕದಿದ್ದವರು, ತೋಟವೇ ಇಲ್ಲದೆ ಕೂಲಿಗೆ ಹೋಗುವವರು ಆ ಎರಡು ವರ್ಷಕ್ಕೆ ಬೇರೆಡೆ ತೆರಬೇಕಾದ ಹಣವನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ. ಅನುಕೂಲಸ್ಥರ ಮಗುವಿಗೆ ಮಾತ್ರ ಅಷ್ಟು ವ್ಯತ್ಯಾಸವಾಗದು.

ಎಂಜಿನಿಯರಿಂಗ್, ವೈದ್ಯಕೀಯ ಎರಡನ್ನೇ ಹಿಡಿದು ಇಷ್ಟು ಹೊತ್ತು ಮಾತಾಡಿದೆ, ನೀವು ಕೇಳುವುದೂ ಅವನ್ನೇ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಅರಣ್ಯ ಮಹಾವಿದ್ಯಾಲಯ ಇದೇ ಶಿರಸಿಯಲ್ಲಿದೆ. ಕೃಷಿ ಮತ್ತು ಅದಕ್ಕೆ ಹೊಂದಿದ ಪದವಿಗಳಲ್ಲಿ ಕೃಷಿಕರ ಮಕ್ಕಳಿಗೆಂದೇ ಬೇರೆ ಸೀಟುಗಳಿವೆ. ಇಲ್ಲಿ ಕೇಳುವುದು ಶಾಲೆ ಯಾವ ಊರಿನದೆಂದಲ್ಲ, ಮನೆತನದ ಕಸುಬು ಯಾವುದೆಂದು. ಪೇಟೆಯ ಶಾಲೆಗೆ ಹೋಗಿ ಗ್ರಾಮೀಣ ಮೀಸಲು ಕಳೆದುಕೊಂಡ ಆ ಹುಡುಗಿಯ ಮನೆಗೆ ಅಂಗೈಯಗಲ ತೋಟವಿದ್ದರೂ ಅವಳು ಈ ಸಾಲಿನಲ್ಲಿ ನಿಲ್ಲಬಹುದು. ಅದಕ್ಕೆ ಬೇಕಾದ ಪ್ರಮಾಣಪತ್ರಗಳಿಗೆ ಫಲಿತಾಂಶ ಬಂದ ಮೇಲೆ ಓಡಾಡಬೇಡಿ, ಪಿಯುಸಿ ಎರಡನೆಯ ವರ್ಷದ ದೀಪಾವಳಿ ರಜೆಯಲ್ಲೇ ಮಾಡಿಸಿಟ್ಟುಕೊಳ್ಳಿ.