ತಂದ ಜೀವ ಬೆಳೆದ ಮೇಲೆ
(ಉಣಕಲ್ಲಿನಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಾಯಿ ಮೇಲೋ ಬೆಕ್ಕು ಮೇಲೋ ಎಂಬ ವಾದ ಯುವಜನರಲ್ಲಿ ಜೋರಾಗಿದೆ. ನಾಯಿಯ ನಿಷ್ಠೆಯನ್ನು ಒಬ್ಬರು ಹೊಗಳಿದರೆ ಬೆಕ್ಕಿನ ಸ್ವಾಭಿಮಾನವನ್ನು ಇನ್ನೊಬ್ಬರು ಕೊಂಡಾಡುತ್ತಾರೆ. ಗಾಜಿನ ತೊಟ್ಟಿಯ ಆಮೆಯೇ ತಂಟೆಯಿಲ್ಲದ ಸಂಗಾತಿಯೆಂದು ಮತ್ತೊಬ್ಬರು ಹೇಳುತ್ತಾರೆ. ಇಷ್ಟಾನಿಷ್ಟಗಳ ಬಗ್ಗೆ ನನ್ನ ತಕರಾರಿಲ್ಲ. ಆದರೆ ಮೆಚ್ಚಿ ತಂದ ಜೀವ ಬೆಳೆದ ಮೇಲೆ ಎಲ್ಲಿರುತ್ತದೆ ಎಂಬ ಪ್ರಶ್ನೆ ಈ ವಾದದಲ್ಲಿ ಏಳುವುದೇ ಇಲ್ಲ.

ಈ ಉಣಕಲ್ ಕೆರೆಯನ್ನೇ ನೋಡಿ. ಇದನ್ನು ಮತ್ತೆ ಮತ್ತೆ ಆವರಿಸಿದ ಅಂತರಗಂಗೆ ನಮ್ಮ ನೆಲದ ಸಸ್ಯವಲ್ಲ. ದಕ್ಷಿಣ ಅಮೆರಿಕದ ಈ ಕಳೆ, ಹೂವಿನ ಅಂದಕ್ಕಾಗಿ 19ನೆಯ ಶತಮಾನದ ಕೊನೆಯಲ್ಲಿ ಭಾರತಕ್ಕೆ ಬಂದದ್ದು. ಆ ಅಂದದ ಬೆಲೆಯೇನೆಂದು ಅದನ್ನು ಎಳೆದು ದಂಡೆಗೆ ಹಾಕಿದ ಕೂಲಿಕಾರರನ್ನು ಕೇಳಬೇಕು.

ಕೆಂಪುಕಿವಿಯ ಆಮೆಯದೂ ಇದೇ ದಾರಿ. ಕಣ್ಣಿನ ಹಿಂದೆ ಕೆಂಪು ಪಟ್ಟಿಯುಳ್ಳ ಇದು ಅಮೆರಿಕದ ಮಿಸಿಸಿಪಿ ಕಣಿವೆಯ ಜೀವಿ. ಅಂಗಡಿಯಲ್ಲಿ ನಾಣ್ಯದಷ್ಟಿರುವ ಮರಿ ತಟ್ಟೆಯಗಲಕ್ಕೆ ಬೆಳೆಯುತ್ತದೆ; 20-30 ವರ್ಷ ಬದುಕುತ್ತದೆ. ತೊಟ್ಟಿ ಸಾಲದಾದಾಗ ‘ಪಾಪ, ಸುಖವಾಗಿರಲಿ’ ಎಂದು ಕೆರೆಗೆ ಬಿಡುವವರಿದ್ದಾರೆ. ಅಲ್ಲಿ ಅದು ದೇಸಿ ಆಮೆಗಳ ಆಹಾರವನ್ನೂ ಬಿಸಿಲು ಕಾಯಿಸುವ ಜಾಗವನ್ನೂ ಕಸಿಯುತ್ತದೆ. ಜಗತ್ತಿನ 100 ಅತಿ ಹಾನಿಕರ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅಂತರಗಂಗೆಯೂ ಈ ಆಮೆಯೂ ಜೊತೆಯಾಗಿವೆ.

ಹಾಗಾದರೆ ನಮ್ಮ ಕಾಡಿನ ಜೀವಿಗಳನ್ನೇ ಸಾಕೋಣವೇ? ನಮ್ಮ ಗಿಳಿಯನ್ನಾಗಲಿ ನಕ್ಷತ್ರ ಆಮೆಯನ್ನಾಗಲಿ ಮನೆಯಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಪೊಟರೆಯಿಂದ ಮರಿ ತೆಗೆದು ಪಂಜರಕ್ಕೆ ಹಾಕುವುದನ್ನು ಪ್ರೀತಿಯೆಂದು ಕರೆಯಲು ನಾನಂತೂ ಒಪ್ಪಲಾರೆ.

ಘಟ್ಟದ ಮನೆಗಳಲ್ಲಿ ಕಣಜಕ್ಕೆ ಬೆಕ್ಕು, ಅಂಗಳಕ್ಕೆ ನಾಯಿ, ಕೊಟ್ಟಿಗೆಗೆ ಮಲೆನಾಡು ಗಿಡ್ಡ ತಳಿಯ ದನ. ಒಂದೊಂದಕ್ಕೂ ಕೆಲಸವಿತ್ತು, ಹೆಸರಿತ್ತು. ಆದರೆ ಹಳ್ಳಿಯನ್ನು ಬರಿದೇ ಹೊಗಳಿ ಹೋಗಲಾರೆ. ಬೇಡವಾದ ಹೆಣ್ಣು ನಾಯಿಮರಿಗಳನ್ನು ಗೋಣಿಚೀಲದಲ್ಲಿ ಕಟ್ಟಿ ಕಾಡಂಚಿಗೆ ಬಿಟ್ಟುಬರುವವರು ನಮ್ಮಲ್ಲಿಯೂ ಇದ್ದಾರೆ. ಬದುಕುಳಿದವು ಗುಂಪುಗೂಡಿ ಜಿಂಕೆ, ಮೊಲಗಳನ್ನು ಅಟ್ಟುತ್ತವೆ. ರೇಬಿಸ್, ಡಿಸ್ಟೆಂಪರ್ ರೋಗಗಳನ್ನು ವನ್ಯಮೃಗಗಳಿಗೆ ದಾಟಿಸಬಲ್ಲವು. 2018ರಲ್ಲಿ ಗುಜರಾತಿನ ಗಿರ್ ಅರಣ್ಯದಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಅವುಗಳಲ್ಲಿ ಕೆಲವಕ್ಕೆ ಡಿಸ್ಟೆಂಪರ್ ತಗುಲಿದ್ದು ಪತ್ತೆಯಾಯಿತು. ಬೀಡಾಡಿ ನಾಯಿ ಚಿರತೆಗೂ ಸುಲಭದ ತುತ್ತು. 2021ರ ಸೆಪ್ಟೆಂಬರಿನಲ್ಲಿ ಇಲ್ಲಿಯೇ ಸಮೀಪದ ನೃಪತುಂಗ ಬೆಟ್ಟದ ಬಳಿ ಚಿರತೆ ಕಾಣಿಸಿಕೊಂಡು ಊರೆಲ್ಲ ಬೆಚ್ಚಿದ್ದು ನಿಮಗೆ ನೆನಪಿರಬಹುದು.

ನಾಯಿ ಬೇಕೆನ್ನುವವರು ಮೊದಲು ಅಂಗಳವನ್ನು ನೋಡಿಕೊಳ್ಳಿ. 2005ರಲ್ಲಿ ಅಂಚೆಚೀಟಿಯ ಗೌರವ ಪಡೆದ ನಮ್ಮ ಮುಧೋಳ ನಾಯಿ ಓಟದ ತಳಿ. ಅದನ್ನು ಎರಡು ಕೋಣೆಯ ಮನೆಯಲ್ಲಿ ಕಟ್ಟಿಹಾಕುವುದು ಅಭಿಮಾನವಲ್ಲ. ಯಾವ ತಳಿಯೇ ಆಗಲಿ, ಲಸಿಕೆ ಹಾಕಿಸಿ. ಮರಿಗಳು ಬೇಡವೆಂದರೆ ಪಶುವೈದ್ಯರಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ. ಆಗ ಗೋಣಿಚೀಲದ ಮಾತೇ ಬರುವುದಿಲ್ಲ. ಕೆಂಪುಕಿವಿಯ ಆಮೆ ಈಗಾಗಲೇ ಮನೆಯಲ್ಲಿದ್ದರೆ ದೊಡ್ಡ ತೊಟ್ಟಿ ಮಾಡಿಕೊಡಿ, ಇಲ್ಲವೇ ಸಾಕಬಲ್ಲವರ ಕೈಗೆ ಒಪ್ಪಿಸಿ. ಕೆರೆಗೆ ಮಾತ್ರ ಬಿಡಬೇಡಿ.