ಚೈತ್ರ ಮಾಸದ ಹಿತ್ತಲು

(ಗ್ರಾಮಸ್ಥರ ಸಭೆಯಲ್ಲಿ ವ್ಯವಸಾಯದ ಇನ್‌ಸ್ಪೆಕ್ಟರವರು ಮಾಡಿದ ಉಪನ್ಯಾಸ)



ಹೊಲಗದ್ದೆಗಳ ಬೇಸಾಯವನ್ನು ಕುರಿತ ಉಪನ್ಯಾಸಗಳು ತಮಗೆ ಹೊಸತಲ್ಲ. ರಾಗಿ, ಭತ್ತ, ಕಬ್ಬು ಇವುಗಳ ವಿಷಯವಾಗಿ ಇಲಾಖೆಯವರು ಹೇಳುವುದನ್ನು ತಾವು ಕೇಳಿದ್ದೀರಿ. ಅನುಕೂಲವೆಂದು ಕಂಡುದನ್ನು ಅನುಸರಿಸಿಯೂ ಇದ್ದೀರಿ. ಈ ದಿನ ನಾನು ಹೊಲದ ಮಾತನ್ನು ಬದಿಗಿಟ್ಟು, ತಮ್ಮ ಮನೆಯ ಹಿಂಬಾಗಿಲನ್ನು ತೆರೆದರೆ ಕಾಣುವ ಹಿತ್ತಲಿನ ವಿಷಯವಾಗಿ ನಾಲ್ಕು ಮಾತುಗಳನ್ನು ಅರಿಕೆ ಮಾಡಬೇಕೆಂದಿದ್ದೇನೆ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ನಮ್ಮಲ್ಲಿ ಉಂಟಷ್ಟೆ. ಕೈಗೆ ಸಮೀಪವಾದುದನ್ನು ಮನುಷ್ಯನು ಲಕ್ಷಿಸುವುದಿಲ್ಲವೆಂಬುದೇ ಅದರ ತಾತ್ಪರ್ಯ. ಸಮೀಪದಲ್ಲಿರುವ ಮದ್ದು ಕಾಣದಿರುವಂತೆಯೇ ಸಮೀಪದಲ್ಲಿರುವ ಶತ್ರುವೂ ಕಾಣುವುದಿಲ್ಲ. ತಮ್ಮ ತೆಂಗಿನ ಮರಗಳನ್ನು ಕೊಲ್ಲುವ ಹುಳುವು ಬೇರೆ ಸೀಮೆಯಿಂದ ಬಂದುದಲ್ಲ. ಅದು ತಮ್ಮ ತಿಪ್ಪೆಯಲ್ಲಿಯೇ ಹುಟ್ಟಿ, ತಮ್ಮ ದನಗಳ ಸಗಣಿಯನ್ನೇ ತಿಂದು ಬೆಳೆಯುತ್ತದೆ. ಈ ಸಂಗತಿಯನ್ನು ತಮಗೆ ಮನಗಾಣಿಸುವುದೇ ನನ್ನ ಮುಖ್ಯ ಉದ್ದೇಶ.

ಚೈತ್ರ ವೈಶಾಖಗಳು ಒಕ್ಕಲುತನದವರಿಗೆ ಸ್ವಲ್ಪ ಬಿಡುವಿನ ಕಾಲ. ಕಣದ ಕೆಲಸ ಮುಗಿದು ಧಾನ್ಯವು ಮನೆ ಸೇರಿರುತ್ತದೆ. ಮುಂಗಾರಿನ ಹದವು ಇನ್ನೂ ಬಂದಿರುವುದಿಲ್ಲ. ಈ ಎರಡು ತಿಂಗಳು ಪ್ರತಿದಿನವೂ ಬೆಳಿಗ್ಗೆ ಬಿಸಿಲೇರುವುದಕ್ಕೆ ಮುಂಚೆ ಒಂದು ಗಳಿಗೆ ಹೊತ್ತು ಯಜಮಾನನು ತನ್ನ ಹಿತ್ತಲನ್ನು ಸುತ್ತಿ ಬರತಕ್ಕದ್ದು. ಇದಕ್ಕೆ ಹಣ ಬೇಡ, ಆಳು ಬೇಡ. ಕಣ್ಣು ತೆರೆದು ನಡೆದರೆ ಸಾಕು.

ಹಾಗೆ ನಡೆಯುವವನಿಗೆ ಈ ಋತುವಿನಲ್ಲಿ ಕಾಣುವುದು ಬಹಳ. ಬೇಲಿಯ ಹೊಂಗೆಯು ಹಳೆಯ ಎಲೆಯನ್ನು ಉದುರಿಸಿ ಮಿರುಗುವ ಹೊಸ ಚಿಗುರನ್ನು ತಳೆದಿರುತ್ತದೆ. ಕೆಲವು ದಿನಗಳಲ್ಲಿಯೇ ಅದರ ಹೂವು ನೆಲದ ಮೇಲೆ ಹಾಸಿದಂತೆ ಬೀಳುತ್ತದೆ. ಯುಗಾದಿಯ ಬೇವುಬೆಲ್ಲಕ್ಕೆ ಹೂವನ್ನು ಕೊಟ್ಟ ಬೇವಿನ ಮರದಲ್ಲಿ ಜೇನುಹುಳುಗಳ ಝೇಂಕಾರವು ಕೇಳಿಸುತ್ತದೆ. ನುಗ್ಗೆಯಲ್ಲಿ ಹೂವೂ ಕಾಯಿಯೂ ಒಟ್ಟಿಗೆ ತೂಗುತ್ತಿರುತ್ತವೆ. ಮಾವಿನ ಮಿಡಿ ದಪ್ಪವಾಗುತ್ತಿರುತ್ತದೆ. ಕೋಗಿಲೆಯ ಕೂಗನ್ನು ಕೇಳಿ ನಾವು ಸಂತೋಷಪಡುತ್ತೇವೆ. ಅದೋ ಕಾಗೆಯ ಗೂಡನ್ನು ಹುಡುಕುತ್ತ ತನ್ನ ಮೊಟ್ಟೆಗೆ ಜಾಗವನ್ನು ನೋಡಿಕೊಳ್ಳುತ್ತಿರುತ್ತದೆ. ಮನುಷ್ಯನ ಹೊರತು ಬೇರೆ ಯಾವ ಪ್ರಾಣಿಯೂ ಈ ಕಾಲದಲ್ಲಿ ಸುಮ್ಮನೆ ಕುಳಿತಿರುವುದಿಲ್ಲ.

ಇವೆಲ್ಲವೂ ನೋಟಕ್ಕೆ ಸೊಗಸಾದುವು. ಆದರೆ ಬೇಸಾಯಗಾರನ ನೋಟವು ಸೊಗಸಿನಲ್ಲಿಯೇ ನಿಲ್ಲತಕ್ಕದ್ದಲ್ಲ. ನಿಂಬೆಯ ಗಿಡದ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಪ್ಪುಬಿಳುಪಿನ ಸಣ್ಣ ತುಣುಕು ಅಂಟಿರುವುದನ್ನು ತಾವು ನೋಡಿರಬಹುದು. ಅದು ಹಿಕ್ಕೆಯಲ್ಲ, ಬಣ್ಣದ ಚಿಟ್ಟೆಯೊಂದರ ಮರಿಹುಳು. ನಾಲ್ಕು ದಿನ ಬಿಟ್ಟರೆ ಅದೇ ಹಸಿರು ಬಣ್ಣ ತಾಳಿ, ಎಲೆಯ ಬಣ್ಣದಲ್ಲಿ ಬೆರೆತು, ಎಳೆಯ ಗಿಡವನ್ನು ಬೋಳು ಮಾಡುತ್ತದೆ. ಕರಿಬೇವಿಗೂ ಇದರ ಕಾಟ ಉಂಟು. ಬೆಳಿಗ್ಗೆ ನೋಡಿ ಕೈಯಿಂದ ಆಯ್ದು ಹಾಕಿದರೆ ಬೇರೆ ಯಾವ ಔಷಧವೂ ಬೇಕಿಲ್ಲ.

ಮಾವಿನ ಹಣ್ಣು ಬಲಿಯುವ ವೇಳೆಗೆ ಮರದ ಕೆಳಗೆ ಬಿದ್ದ ಹಣ್ಣುಗಳನ್ನು ಹಾಗೆಯೇ ಬಿಡಬಾರದು. ಹಣ್ಣಿನ ನೊಣವು ಸಿಪ್ಪೆಯ ಒಳಗೆ ಮೊಟ್ಟೆಯಿಡುತ್ತದೆ. ಮರಿಹುಳು ತಿರುಳನ್ನು ತಿಂದು, ಹಣ್ಣು ಕೆಳಗೆ ಬಿದ್ದ ಮೇಲೆ ಮಣ್ಣಿಗಿಳಿದು ಕೋಶವಾಗಿ, ಸ್ವಲ್ಪ ದಿನಗಳಲ್ಲಿ ಹೊಸ ನೊಣವಾಗಿ ಮೇಲೇಳುತ್ತದೆ. ಆದುದರಿಂದ ಬಿದ್ದ ಹಣ್ಣನ್ನು ದಿನದಿನವೂ ಆಯ್ದು ಎರಡು ಅಡಿ ಆಳದ ಗುಂಡಿಯಲ್ಲಿ ಮುಚ್ಚಬೇಕು. ಒಂದು ಬುಟ್ಟಿ ಕೊಳೆತ ಹಣ್ಣನ್ನು ಬೇಲಿಯಾಚೆ ಎಸೆದವನು ನೆರೆಯವನ ಮರಕ್ಕೆ ನೊಣವನ್ನು ಸಾಕಿಕೊಟ್ಟಂತಾಯಿತು.

ಇನ್ನು ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ತಿಪಟೂರು, ಅರಸೀಕೆರೆ, ಚನ್ನರಾಯಪಟ್ಟಣಗಳ ಕಡೆ ತೆಂಗೇ ಸಂಸಾರಕ್ಕೆ ಆಧಾರ. ಉಳಿದ ಬಯಲುಸೀಮೆಯ ಊರುಗಳಲ್ಲಿಯೂ ಹಿತ್ತಲಿನಲ್ಲಿ ನಾಲ್ಕಾರು ತೆಂಗಿನ ಮರಗಳಿಲ್ಲದ ಒಕ್ಕಲಿನ ಮನೆ ಅಪರೂಪ. ನಮ್ಮ ಎತ್ತರದ ಜಾತಿಯ ತೆಂಗನ್ನು ನೆಟ್ಟರೆ ಫಲಕ್ಕೆ ಬರಲು ಆರೇಳು ವರ್ಷಗಳು ಹಿಡಿಯುತ್ತವೆ. ಬಂದ ಮೇಲೆ ಅದು ಅರುವತ್ತು ವರ್ಷಗಳಿಗೂ ಮೇಲ್ಪಟ್ಟು ಕಾಯಿ ಕೊಡಬಲ್ಲುದು. ತಂದೆ ನೆಟ್ಟುದನ್ನು ಮೊಮ್ಮಗನು ಉಣ್ಣುತ್ತಾನೆ. ಆದರೆ ಈ ಮರಕ್ಕೆ ಕೊಂಬೆಗಳಿಲ್ಲ. ಇರುವುದು ಒಂದೇ ಸುಳಿ. ಮಾವಿನ ಕೊಂಬೆ ಮುರಿದರೆ ಬೇರೆ ಕೊಂಬೆ ಚಿಗುರುವುದು. ತೆಂಗಿನ ಸುಳಿ ಸತ್ತರೆ ಮರವೇ ಸತ್ತಂತೆ.

ಈ ಸುಳಿಯನ್ನು ಕೊರೆಯತಕ್ಕ ಹುಳುವಿಗೆ ಕುರುವಾಯಿ ಹುಳುವೆಂದು ಹೆಸರು. ಇದು ಹೆಬ್ಬೆರಳಿನಷ್ಟು ದಪ್ಪವಾದ ಕಪ್ಪು ದುಂಬಿ. ಮೂತಿಯ ಮೇಲೆ ಖಡ್ಗಮೃಗದ ಹಾಗೆ ಒಂದು ಕೊಂಬಿರುತ್ತದೆ. ಹಗಲು ಅಡಗಿದ್ದು, ಕತ್ತಲಾದ ಮೇಲೆ ಹಾರಿಬಂದು, ಗರಿಯ ಕಂಕುಳಲ್ಲಿ ಹೊಕ್ಕು, ಇನ್ನೂ ಬಿಚ್ಚದ ಎಳೆಯ ಗರಿಗಳನ್ನು ಅಗಿದು ರಸವನ್ನು ಹೀರುತ್ತದೆ. ರಂಧ್ರದ ಬಾಯಲ್ಲಿ ಅಗಿದ ನಾರು ಹೊರಬಿದ್ದಿರುವುದೇ ಇದರ ಗುರುತು. ಆ ಗರಿಯು ಮುಂದೆ ಬಿಚ್ಚಿಕೊಂಡಾಗ ಕತ್ತರಿಯಿಂದ ಕತ್ತರಿಸಿದಂತೆ ಕಾಣಿಸುತ್ತದೆ. ತಾವು ಈ ದಿನ ತಲೆಯೆತ್ತಿ ನೋಡುವ ಕತ್ತರಿಸಿದ ಗರಿಯು ಈಗ ಕಚ್ಚಿದುದಲ್ಲ. ಅದು ಹಿಂದೆ ಸುಳಿಯಲ್ಲಿದ್ದಾಗ ಆದ ಗಾಯ. ತೆಂಗು ತಿಂಗಳಿಗೆ ಹೆಚ್ಚುಕಡಿಮೆ ಒಂದು ಗರಿಯನ್ನು ಬಿಡುತ್ತದೆ. ಒಂದೊಂದು ಗರಿಯ ಕಂಕುಳಲ್ಲಿಯೂ ಒಂದು ಹೊಂಬಾಳೆ. ಹುಳುವು ಹೊಂಬಾಳೆಯನ್ನೇ ಕೊರೆದರೆ ಆ ಗೊನೆಯು ಹೋದಂತೆಯೇ. ಇಷ್ಟಕ್ಕೇ ಮುಗಿಯಲಿಲ್ಲ. ಈ ಗಾಯದ ವಾಸನೆಗೆ ಕೆಂಪು ಮೂತಿಹುಳು ಬಂದು ಅಲ್ಲಿ ಮೊಟ್ಟೆಯಿಡುತ್ತದೆ. ಅದರ ಮರಿಗಳು ಮರದ ತಿರುಳನ್ನು ಒಳಗೊಳಗೇ ತಿನ್ನುತ್ತವೆ. ಹೊರಗೆ ಲಕ್ಷಣಗಳು ಚೆನ್ನಾಗಿ ಕಾಣಿಸುವ ವೇಳೆಗೆ ಎಷ್ಟೋ ಮರಗಳು ಕೈಮೀರಿರುತ್ತವೆ.

ಈ ಕುರುವಾಯಿ ಹುಳು ಎಲ್ಲಿಂದ ಬರುತ್ತದೆ? ತಿಪ್ಪೆಯನ್ನು ಅಗೆದಾಗ ಬಿಳಿಯ, ದಪ್ಪನೆಯ, ಬಿಲ್ಲಿನಂತೆ ಬಾಗಿದ ಹುಳುಗಳು ಸಿಕ್ಕುತ್ತವೆಯಷ್ಟೆ. ಅವನ್ನು ಗೊಣ್ಣೆಹುಳುವೆಂದು ಕರೆದು, ಗೊಬ್ಬರದಲ್ಲಿ ತಾನಾಗಿಯೇ ಹುಟ್ಟುವ ಸಾಧುವಾದ ಹುಳುವೆಂದು ತಿಳಿದು, ಗಾಡಿಯಲ್ಲಿ ತುಂಬಿ ಕಳುಹಿಸುವವರು ಅನೇಕರು. ಅವುಗಳಲ್ಲಿ ದೊಡ್ಡವು ಬಹುಮಟ್ಟಿಗೆ ಕುರುವಾಯಿಯ ಮರಿಗಳೇ. ಹೆಣ್ಣು ದುಂಬಿಯು ಗೊಬ್ಬರದಲ್ಲಿ ಕೆಲವು ಅಂಗುಲಗಳ ಆಳದಲ್ಲಿ ಮೊಟ್ಟೆಗಳನ್ನಿಡುತ್ತದೆ. ಸುಮಾರು ಹತ್ತು ದಿನಗಳ ಮೇಲೆ ಅವು ಮರಿಗಳಾಗುತ್ತವೆ. ಮರಿಯು ಮೂರು ನಾಲ್ಕು ತಿಂಗಳು, ಕೆಲವು ವೇಳೆ ಅದಕ್ಕಿಂತಲೂ ಹೆಚ್ಚು ಕಾಲ, ಗೊಬ್ಬರವನ್ನು ತಿಂದು ಬೆಳೆದು, ಮೂರು ವಾರಗಳ ಮಟ್ಟಿಗೆ ಕೋಶದಲ್ಲಿದ್ದು, ಅನಂತರ ದುಂಬಿಯಾಗಿ ಹೊರಬೀಳುತ್ತದೆ. ಮುಂಗಾರು ಮಳೆಯ ತರುವಾಯ ದುಂಬಿಗಳ ಹಾವಳಿ ಹೆಚ್ಚು. ಎಂದರೆ, ಜ್ಯೇಷ್ಠ ಆಷಾಢಗಳಲ್ಲಿ ಸುಳಿಯನ್ನು ಕೊರೆಯತಕ್ಕವು ಚೈತ್ರ ವೈಶಾಖಗಳಲ್ಲಿ ತಿಪ್ಪೆಯೊಳಗೆ ಮಲಗಿರುತ್ತವೆ. ಆಗ ಅವಕ್ಕೆ ರೆಕ್ಕೆಯಿಲ್ಲ, ಓಡಿಹೋಗಲಾರವು. ಇಷ್ಟು ಸುಲಭವಾಗಿ ಶತ್ರುವು ಸಿಕ್ಕುವ ಕಾಲವು ಮತ್ತೊಂದಿಲ್ಲ.

ಈ ಮಾತಿನಲ್ಲಿ ಸಂಶಯವುಳ್ಳವರು ಒಂದು ಪರೀಕ್ಷೆಯನ್ನು ಮಾಡಿ ನೋಡಬಹುದು. ಐದಾರು ದೊಡ್ಡ ಗೊಣ್ಣೆಹುಳುಗಳನ್ನು ಒಂದು ಮಣ್ಣಿನ ಗಡಿಗೆಯಲ್ಲಿ ಹಳೆಯ ಗೊಬ್ಬರದೊಡನೆ ಹಾಕಿ, ಸ್ವಲ್ಪ ತೇವವನ್ನು ಆರಗೊಡದೆ, ಬಾಯಿಗೆ ತೆಳುವಾದ ತಂತಿಯ ಬಲೆಯನ್ನು ಬಿಗಿದು, ನೆರಳಿನಲ್ಲಿಡಿ. ಮಳೆಗಾಲದಲ್ಲಿ ಆ ಗಡಿಗೆಯೊಳಗಿಂದ ಕೊಂಬಿನ ದುಂಬಿಯು ಏಳುವುದನ್ನು ತಾವೇ ಕಾಣುವಿರಿ. ಊರಿನ ಯಜಮಾನರು ಇಂತಹದೊಂದು ಗಡಿಗೆಯನ್ನು ಚಾವಡಿಯಲ್ಲಿಟ್ಟರೆ ನನ್ನ ಹತ್ತು ಉಪನ್ಯಾಸಗಳಿಗಿಂತ ಅದೇ ಮೇಲು.

ಈಗ ಮಾಡತಕ್ಕುದೇನೆಂದರೆ: ಗೊಬ್ಬರವನ್ನು ಹೊಲಕ್ಕೆ ಹೇರುವಾಗ ತಿಪ್ಪೆಗುಂಡಿಯನ್ನು ತಳದವರೆಗೂ ಬರಿದು ಮಾಡಬೇಕು. ಅರ್ಧ ತೆಗೆದು ಅರ್ಧ ಬಿಟ್ಟರೆ ಹುಳುಗಳು ತಳದಲ್ಲಿಯೇ ಉಳಿಯುತ್ತವೆ. ಪ್ರತಿ ಬುಟ್ಟಿಯನ್ನೂ ನೆಲದ ಮೇಲೆ ಸುರಿದು, ಕೆದರಿ, ಹುಳುಗಳನ್ನು ಆಯ್ದು ಕೊಲ್ಲಬೇಕು. ಕೋಳಿಗಳನ್ನು ಆ ಸ್ಥಳಕ್ಕೆ ಬಿಟ್ಟರೆ ಅವು ಅರ್ಧ ಕೆಲಸವನ್ನು ಮಾಡುತ್ತವೆ. ಕಾಗೆ, ಗೊರವಂಕಗಳು ಕರೆಯದೆಯೇ ಬರುತ್ತವೆ. ಹುಳು ಆಯುವುದರಲ್ಲಿ ಮಕ್ಕಳ ಕೈ ಚುರುಕು. ನೂರು ಹುಳುವಿಗೆ ಒಂದು ಹಿಡಿ ಕಡಲೆ, ಒಂದು ಉಂಡೆ ಬೆಲ್ಲವೆಂದು ಯಜಮಾನರು ಸಾರಿದರೆ ಮಧ್ಯಾಹ್ನದೊಳಗೆ ಊರಿನ ತಿಪ್ಪೆಗಳು ಶುದ್ಧವಾಗುವುವು. ಹೊಲಕ್ಕೆ ಸಾಗಿಸಿದ ಗೊಬ್ಬರವನ್ನು ಗುಪ್ಪೆಗಳಾಗಿ ವಾರಗಟ್ಟಲೆ ಬಿಸಿಲಿಗೆ ಬಿಡಬಾರದು. ಸಾರವು ಗಾಳಿಗೆ ಹಾರಿಹೋಗುತ್ತದೆ. ಹರಡಿದೊಡನೆ ಉತ್ತು ಮಣ್ಣಿನಲ್ಲಿ ಸೇರಿಸಬೇಕು. ಸತ್ತ ತೆಂಗಿನ ಬೊಡ್ಡೆಗಳೂ ಕೊಳೆತ ದಿಮ್ಮಿಗಳೂ ಈ ಹುಳುವಿಗೆ ಎರಡನೆಯ ಮನೆ. ಅವನ್ನು ಸೀಳಿ ಸೌದೆ ಮಾಡಿಕೊಳ್ಳಿ.

ಆಯುವಾಗ ಕೆಲವು ಹುಳುಗಳು ಸತ್ತು ಗಟ್ಟಿಯಾಗಿ, ಮೈಮೇಲೆ ಹಸಿರು ಪುಡಿಯನ್ನು ಹೊದ್ದಿರುವುದು ಕಂಡುಬರಬಹುದು. ಅಂತಹವನ್ನು ಎಸೆಯದೆ ತಿಪ್ಪೆಗೇ ಹಿಂದಿರುಗಿಸಿ. ಆ ಹಸಿರು ಪುಡಿಯು ಹುಳುಗಳಿಗೆ ರೋಗವನ್ನು ತರುವ ಒಂದು ಬೂಷ್ಟು. ಇತರ ಹುಳುಗಳಿಗೂ ಅಂಟಿ ಅವನ್ನು ಕೊಲ್ಲುತ್ತದೆ. ರಷ್ಯಾ ದೇಶದ ವಿಜ್ಞಾನಿ ಮೆಚ್ನಿಕಾಫ್ ಎಂಬವರು ಗೋಧಿಯ ದುಂಬಿಗಳ ಮೇಲೆ ಈ ಬೂಷ್ಟನ್ನು 1879ರಲ್ಲಿಯೇ ಪರೀಕ್ಷಿಸಿದ್ದರು.

ಈಗಾಗಲೇ ಹುಳು ಹೊಕ್ಕಿರುವ ಮರಕ್ಕೆ ಹತ್ತಿಸಿ, ಕಬ್ಬಿಣದ ಕೊಕ್ಕೆಯಿಂದ ರಂಧ್ರದೊಳಗಿನ ದುಂಬಿಯನ್ನು ಎಳೆದು ತೆಗೆಸಬೇಕು. ಆಮೇಲೆ ಸುಳಿಯ ಪಕ್ಕದ ಎರಡು ಮೂರು ಗರಿಗಳ ಕಂಕುಳಲ್ಲಿ ಬೇವಿನ ಹಿಂಡಿಯ ಪುಡಿಯನ್ನೂ ಮರಳನ್ನೂ ಸಮವಾಗಿ ಬೆರಸಿ ತುಂಬಿದರೆ ಹೊಸ ಹುಳು ಹೊಗುವುದಿಲ್ಲ. ಮುಂಗಾರಿಗೆ ಮುಂಚೆ ಒಂದಾವರ್ತಿ, ಸೆಪ್ಟೆಂಬರಿನಲ್ಲಿ ಒಂದಾವರ್ತಿ, ಡಿಸೆಂಬರಿನಲ್ಲಿ ಒಂದಾವರ್ತಿ ಹೀಗೆ ಮಾಡುವುದು ಉತ್ತಮ. ಕಾಯಿ ಕೀಳುವವನು ಹೇಗೂ ಮರವನ್ನು ಹತ್ತುತ್ತಾನೆ. ಅವನ ಸೊಂಟಕ್ಕೆ ಕೊಕ್ಕೆಯನ್ನೂ ಒಂದು ಚೀಲ ಪುಡಿಯನ್ನೂ ಕಟ್ಟಿ ಕಳುಹಿಸಿದರೆ ಹೆಚ್ಚಿನ ಖರ್ಚಿಲ್ಲ.

ಹಿತ್ತಲಿನ ನೀರಿನ ವಿಷಯವನ್ನೂ ಎರಡು ಮಾತಿನಲ್ಲಿ ಹೇಳುತ್ತೇನೆ. ಬಚ್ಚಲಿನ ನೀರು ಗೋಡೆಯ ಮಗ್ಗುಲಲ್ಲಿಯೇ ನಿಂತು ಸೊಳ್ಳೆಗೆ ಮನೆಯಾಗುವುದು ಅನೇಕ ಹಳ್ಳಿಗಳಲ್ಲಿ ಕಂಡುಬರುತ್ತದೆ; ಹತ್ತು ಮಾರು ದೂರದಲ್ಲಿ ಬಾಳೆಯು ನೀರಿಲ್ಲದೆ ಬಾಡುತ್ತಿರುತ್ತದೆ. ಸಣ್ಣದೊಂದು ಕಾಲುವೆಯನ್ನು ತೆಗೆದು ಆ ನೀರನ್ನು ದಿನಕ್ಕೊಂದು ಪಾತಿಗೆ ತಿರುಗಿಸಿದರೆ ಬಾಳೆ, ಪರಂಗಿ, ಕರಿಬೇವು ಎಲ್ಲವೂ ಬೇಸಗೆಯನ್ನು ಕಳೆಯುತ್ತವೆ. ತೆಂಗಿಗೆ ನೀರನ್ನು ಬೊಡ್ಡೆಗೆ ಸುರಿಯಬೇಡಿ. ಅದರ ಆಹಾರದ ಬೇರುಗಳು ಬೊಡ್ಡೆಯಿಂದ ಆರು ಅಡಿಯವರೆಗೆ ಹರಡಿರುತ್ತವೆ. ಆ ಅಗಲಕ್ಕೆ ಪಾತಿಯನ್ನು ಕಟ್ಟಿ, ಉದುರಿದ ಎಲೆಯನ್ನೂ ತೆಂಗಿನ ಮಟ್ಟೆಯನ್ನೂ ಹೊದಿಸಿದರೆ ತೇವವು ನಿಲ್ಲುತ್ತದೆ. ಒಲೆಯ ಬೂದಿಯನ್ನು ತಿಪ್ಪೆಗೆ ಬೆರಸಿದರೆ ಸಗಣಿಯ ಸಾರವು ಹಾರುತ್ತದೆ. ಅದನ್ನು ಬೇರೆಯಾಗಿ ಕೂಡಿಟ್ಟು ಮಳೆ ಬಿದ್ದಾಗ ತೆಂಗಿನ ಪಾತಿಗೆ ಹಾಕಿ.

ಇದರಲ್ಲಿ ಮನೆಯ ಹೆಂಗಸರ ಪಾತ್ರವೇ ದೊಡ್ಡದು. ತರಕಾರಿ ಸಿಕ್ಕದ ಈ ಬೇಸಗೆಯಲ್ಲಿ ಸಾರಿಗೆ ಸೊಪ್ಪನ್ನು ಒದಗಿಸುವುದು ಅವರ ಹಿತ್ತಲೇ. ನುಗ್ಗೆಯ ಸೊಪ್ಪೂ ಪರಂಗಿಯ ಹಣ್ಣೂ ಮಕ್ಕಳ ಕಣ್ಣಿಗೆ ಬಹಳ ಹಿತ. ಇರುಳುಗುರುಡನ್ನು ತಡೆಯತಕ್ಕ ಸತ್ತ್ವವು ಅವುಗಳಲ್ಲಿ ಉಂಟು. ಆದುದರಿಂದ ನಾನು ಈಗ ಹೇಳಿದುದನ್ನು ತಾವು ಚಾವಡಿಯಲ್ಲಿಯೇ ಬಿಟ್ಟುಹೋಗದೆ ಮನೆಯಲ್ಲಿಯೂ ತಿಳಿಸಬೇಕು.

ಕಡೆಯದಾಗಿ ಯಜಮಾನರಿಗೆ ವಿಶೇಷವಾಗಿ ಒಂದು ಅರಿಕೆ. ದುಂಬಿಗೆ ರೆಕ್ಕೆಯುಂಟು, ಅದು ಬೇಲಿಯನ್ನೂ ಪಹಣಿಯನ್ನೂ ನೋಡುವುದಿಲ್ಲ. ಹತ್ತು ಮನೆಯವರು ತಿಪ್ಪೆಯನ್ನು ಶುದ್ಧಮಾಡಿ ಹನ್ನೊಂದನೆಯವನು ಬಿಟ್ಟರೆ, ಅವನ ತಿಪ್ಪೆಯಿಂದೆದ್ದ ದುಂಬಿಯು ಹತ್ತು ಮನೆಯ ಸುಳಿಯನ್ನೂ ಕೊರೆಯುತ್ತದೆ. ಹೆಚ್ಚು ಶ್ರಮಪಟ್ಟವನೂ ಅವನೊಡನೆ ನಷ್ಟಪಡುತ್ತಾನೆ. ಆದುದರಿಂದ ಇದು ಒಬ್ಬೊಬ್ಬರ ಕೆಲಸವಲ್ಲ, ಊರಿನ ಕೆಲಸ. ಮಲೆನಾಡಿನ ಅಡಿಕೆಯ ಕೊಳೆರೋಗವನ್ನು ಕುರಿತು ಮೈಸೂರು ವ್ಯವಸಾಯ ಇಲಾಖೆಯ ಲೆಸ್ಲಿ ಕೋಲ್ಮನ್‌ರವರು 1910ರಲ್ಲಿ ವರದಿಯನ್ನು ಪ್ರಕಟಿಸಿದರು. ಮೈಲುತುತ್ತ ಸುಣ್ಣಗಳ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವ ಪದ್ಧತಿ ಅಲ್ಲಿಂದ ಬಳಕೆಗೆ ಬಂದಿತು. ಅದರ ಗುಟ್ಟು ದ್ರಾವಣದಲ್ಲಿ ಇರುವಷ್ಟೇ ಕಾಲದಲ್ಲಿಯೂ ಇದೆ: ರೋಗವು ಕಾಣಿಸಿಕೊಂಡ ಮೇಲೆ ಅಲ್ಲ, ಮಳೆಯು ಹಿಡಿಯುವುದಕ್ಕೆ ಮುಂಚೆ. ತೆಂಗಿನ ವಿಷಯದಲ್ಲಿಯೂ ಇದೇ ನಿಯಮ.

ಭರಣಿ ಮಳೆಯ ಕಾಲವು ಏಪ್ರಿಲ್ ತಿಂಗಳ ಕೊನೆಗೆ ಬರುತ್ತದೆ. ಅದಕ್ಕೆ ಮುಂಚೆ, ಯುಗಾದಿ ಕಳೆದ ಮೇಲೆ, ಊರೆಲ್ಲ ಸೇರಿ ಒಂದು ದಿನವನ್ನು ಗೊತ್ತುಮಾಡಿ, ಆ ದಿನ ಎಲ್ಲ ತಿಪ್ಪೆಗಳನ್ನೂ ಒಟ್ಟಿಗೆ ಅಗೆಯುವಂತೆ ಏರ್ಪಡಿಸಬೇಕು. ಆಳಿಲ್ಲದ ವಿಧವೆಯರ ಮನೆಗೂ ಮುದುಕರ ಮನೆಗೂ ನಾಲ್ಕು ಜನರನ್ನು ಕಳುಹಿಸತಕ್ಕದ್ದು. ಅದು ಧರ್ಮವೂ ಹೌದು, ತಮ್ಮ ಮರಗಳಿಗೆ ರಕ್ಷಣೆಯೂ ಹೌದು.

ಹೇಳಿದುದರ ಸಾರಾಂಶವಿದು:

1. ಚೈತ್ರ ವೈಶಾಖಗಳಲ್ಲಿ ಪ್ರತಿದಿನ ಒಂದು ಗಳಿಗೆ ಹಿತ್ತಲನ್ನು ಸುತ್ತಿ ನೋಡಿ.
2. ಭರಣಿ ಮಳೆಗೆ ಮುಂಚೆ ತಿಪ್ಪೆಯನ್ನು ತಳದವರೆಗೆ ತೆಗೆದು ಗೊಣ್ಣೆಹುಳುಗಳನ್ನು ಆಯ್ದು ಕೊಲ್ಲಿ.
3. ಸತ್ತ ತೆಂಗಿನ ಬೊಡ್ಡೆಗಳನ್ನು ಉಳಿಸಬೇಡಿ.
4. ಹುಳು ಹೊಕ್ಕ ಮರಕ್ಕೆ ಕೊಕ್ಕೆಯನ್ನು ಹಾಕಿಸಿ. ಬೇವಿನ ಹಿಂಡಿ ಮರಳುಗಳನ್ನು ತುಂಬಿಸಿ.
5. ಬಿದ್ದ ಮಾವಿನ ಹಣ್ಣನ್ನು ಹೂಳಿ. ಬಚ್ಚಲಿನ ನೀರನ್ನು ಪಾತಿಗೆ ತಿರುಗಿಸಿ.
6. ಇದನ್ನು ಊರೆಲ್ಲ ಒಂದೇ ದಿನ ಮಾಡಿ.

 ದಿನವನ್ನು ಈ ಸಭೆಯಲ್ಲಿಯೇ ಗೊತ್ತುಮಾಡಿದರೆ, ಆ ದಿನ ನಾನೂ ಬೆಳಿಗ್ಗೆಯೇ ಬಂದು ತಮ್ಮೊಡನೆ ಗುದ್ದಲಿ ಹಿಡಿಯಲು ಸಿದ್ಧನಾಗಿದ್ದೇನೆ.