ಹಳೇ ವ್ಯಾನು, ಮನೆಯ ಕಾಸು



ಇವತ್ತು ಹಳೇ ಮಾರುತಿ ವ್ಯಾನಿನ ರಿಪೇರಿ ಬಗ್ಗೆ ಮಾತಾಡೋಣ. "ಅದು ಗಂಡಸರ ಕೆಲಸ, ನಮಗ್ಯಾಕೆ ಮೇಡಂ?" ಅಂತ ನೀವು ಕೇಳಬಹುದು. ರಿಪೇರಿ ದುಡ್ಡು ಎಲ್ಲಿಂದ ಹೋಗುತ್ತೆ ಹೇಳಿ? ಹುಣಸೂರು, ಪಿರಿಯಾಪಟ್ಟಣದ ಕಡೆ ತಂಬಾಕು ಹರಾಜಿನ ದುಡ್ಡಿಂದ. ಕೆ.ಆರ್. ನಗರದ ಕಡೆ ಭತ್ತದ ದುಡ್ಡಿಂದ. ಕೋಟೆ ಕಡೆ ಹತ್ತಿ ದುಡ್ಡಿಂದ. ಅದು ಸಾಲದಿದ್ದರೆ ಸಂಘದ ಸಾಲದಿಂದ. ಆ ಕಂತು ಕಟ್ಟೋರು ನೀವೇ ತಾನೆ?

ಮಾರುತಿ ವ್ಯಾನು ಬಂದದ್ದು 1984ರಲ್ಲಿ. ಆಮೇಲೆ ಅದಕ್ಕೆ ಓಮ್ನಿ ಅಂತ ಹೆಸರಾಯಿತು. 2019ರಲ್ಲಿ ಕಂಪನಿ ಅದನ್ನು ಮಾಡೋದು ನಿಲ್ಲಿಸಿತು. ಹಾಗಾಗಿ ಈಗ ಓಡಾಡುವ ಓಮ್ನಿ ಎಲ್ಲಾ ಹಳೆಯವೇ. ಹಳೇ ಗಾಡಿ ಕೆಡುತ್ತೆ. ಆದರೆ ನೂರರಲ್ಲಿ ಮುಗಿಯೋ ಕೆಲಸವನ್ನು ಸಾವಿರಾರಕ್ಕೆ ಬೆಳೆಸಬಾರದು.

ದೊಡ್ಡ ಖರ್ಚು ಬರೋದು ಬಿಸಿಯಿಂದ. ಓಮ್ನಿಯ ಎಂಜಿನ್ ಮುಂದಿನ ಸೀಟಿನ ಕೆಳಗೇ ಇದೆ. ಅದು ಬಿಸಿಯಾಗದಂತೆ ರೇಡಿಯೇಟರ್ ನೀರು ಕಾಯುತ್ತೆ. ನೀರು ಹರಿಯೋ ರಬ್ಬರ್ ಪೈಪು ಹಳತಾದರೆ ಬಿರುಕು ಬಿಡುತ್ತೆ. ನೀರು ತೊಟ್ಟಿಕ್ಕುತ್ತೆ. ವ್ಯಾನು ನಿಂತ ಜಾಗದಲ್ಲಿ ಬೆಳಿಗ್ಗೆ ನೆಲ ನೋಡಿ. ಅಂಗಳ ಗುಡಿಸೋರಿಗೆ ಇದು ಮೊದಲು ಕಾಣುತ್ತೆ. ನೀರಿನ ಕಲೆಯೋ, ಆಯಿಲ್ ಕಲೆಯೋ, ಮನೆಯವರಿಗೆ ಹೇಳಿ. ಪೈಪು ಬದಲಿಸೋದಕ್ಕೆ ಹೆಚ್ಚು ಖರ್ಚಿಲ್ಲ. ಬಿಟ್ಟರೆ ಎಂಜಿನ್ ಕಾದು ಒಳಗಿನ ಗ್ಯಾಸ್ಕೆಟ್ ಹೋಗುತ್ತೆ. ಆಗ ಎಂಜಿನ್ ಬಿಚ್ಚಬೇಕು. ಗ್ಯಾಸ್ಕೆಟ್ ಹೋದರೆ ಗುರುತು ಏನು? ಹೊಗೆ ಕೊಳವೆಯಿಂದ ಬಿಳಿ ಹೊಗೆ ಬರುತ್ತಲೇ ಇರುತ್ತೆ. ಆಯಿಲ್ ಹಾಲು ಹಾಕಿದ ಕಾಫಿ ಥರ ಕಾಣುತ್ತೆ.

ಬೋರ್ ನೀರು ಕಾಯಿಸೋ ಹಂಡೆಯ ಒಳಗೆ ಬಿಳಿ ಪದರ ಕಟ್ಟುತ್ತಲ್ಲ, ರೇಡಿಯೇಟರಿನಲ್ಲೂ ಹಾಗೇ ಕಟ್ಟುತ್ತೆ. ಆಮೇಲೆ ನೀರು ಸರಿಯಾಗಿ ಹರಿಯೋಲ್ಲ. ಅದಕ್ಕೇ ಕೂಲೆಂಟ್ ಹಾಕಿಸಿ. ಆ ಡಬ್ಬಿ ಮಕ್ಕಳ ಕೈಗೆ ಸಿಗಬಾರದು, ಅದು ವಿಷ.

ದಾರೀಲಿ ಬಿಸಿ ತೋರಿಸೋ ಮುಳ್ಳು ಕೆಂಪಿಗೆ ಏರಿದರೆ? "ಇನ್ನೇನು ಊರು ಬಂತು" ಅಂತ ಓಡಿಸಲೇಬೇಡಿ. ನಿಲ್ಲಿಸಿ, ಎಂಜಿನ್ ಆರಿಸಿ. ಪೂರ್ತಿ ಆರೋತನಕ ಕಾಯಿರಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆದರೆ ಕುದಿಯೋ ನೀರು ಮುಖಕ್ಕೇ ಹಾರುತ್ತೆ. ಕಾದ ಎಂಜಿನ್‌ಗೆ ತಣ್ಣೀರು ಸುರಿದರೆ ಅದೂ ಸೀಳಬಹುದು. ಅಂತರಸಂತೆ ದಾಟಿ ಬಾವಲಿ ಕಡೆ ಹೋಗೋರಂತೂ ಹೊರಡೋ ಮೊದಲೇ ನೀರು ನೋಡಲೇಬೇಕು. ಆ ಕಡೆ ಕಾಡು, ಆನೆ.

ಆಯಿಲ್ ನೋಡೋದೂ ಸುಲಭ. ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಸಮ ನೆಲದಲ್ಲಿ ನೋಡಬೇಕು. ಉದ್ದನೆ ಕಡ್ಡಿ ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಇಟ್ಟು ಎಳೆಯಿರಿ. ಎರಡು ಗುರುತಿನ ನಡುವೆ ಆಯಿಲ್ ಇರಬೇಕು.

ವ್ಯಾನು ಸ್ಟಾರ್ಟ್ ಆಗಲಿಲ್ಲ ಅಂದ ತಕ್ಷಣ "ಬ್ಯಾಟರಿ ಹೋಯಿತು, ಹೊಸದು ಹಾಕಿ" ಅನ್ನೋರಿದ್ದಾರೆ. ಮೊದಲು ಬ್ಯಾಟರಿಯ ತುದಿ ನೋಡಿ. ಅಲ್ಲಿ ಬಿಳಿ, ಹಸಿರು ಪುಡಿ ಕಟ್ಟಿರಬಹುದು. ಎಂಜಿನ್ ಆರಿಸಿ, ಕಳೆಯುವ ಗುರುತಿನ ತಂತಿ ಮೊದಲು ಬಿಚ್ಚಿಸಿ, ಆಮೇಲೆ ಕೂಡುವ ಗುರುತಿನದ್ದು. ಬಿಸಿನೀರಿಗೆ ಅಡುಗೆ ಸೋಡಾ ಕಲಸಿ ತಿಕ್ಕಿ, ಒರೆಸಿ. ಹಾಕುವಾಗ ಕೂಡುವ ಗುರುತಿನದ್ದು ಮೊದಲು. ಲೈಟು, ಹಾರನ್ ನಿಂತರೆ ಫ್ಯೂಸ್ ನೋಡಿಸಿ. ಅದು ಬಹಳ ಅಗ್ಗದ ವಸ್ತು.

ಕನ್ನಡಿ, ಬಾಗಿಲ ಹಿಡಿ, ಗಾಜು ಗುಜರಿಯಲ್ಲಿ ತಂದರೂ ನಡೆಯುತ್ತೆ. ಬ್ರೇಕು, ಟೈರು ಮಾತ್ರ ಬೇಡ. ಇನ್ನು, ಪೆಟ್ರೋಲ್ ಉಳಿಸೋಕೆ ಅಡುಗೆ ಸಿಲಿಂಡರನ್ನು ವ್ಯಾನಿಗೆ ಜೋಡಿಸೋರು ಇದ್ದಾರೆ. ಅದು ಕಾನೂನಿಗೆ ವಿರುದ್ಧ. ಸಿಡಿದರೆ ಮನೆಮಂದಿ ಎಲ್ಲಾ ಹೋಗ್ತೀವಿ.

ಗ್ಯಾರೇಜಿನಲ್ಲಿ ಮೂರು ಮಾತು ಹೇಳಿಸಿ. ಕೆಲಸಕ್ಕೆ ಮೊದಲು ರೇಟು ಹೇಳಿ. ತೆಗೆದ ಹಳೇ ಸಾಮಾನು ವಾಪಸ್ ಕೊಡಿ. ಬಿಲ್ ಬರೆದುಕೊಡಿ. ಮೇಸ್ತ್ರಿಗಳೆಲ್ಲ ಮೋಸಗಾರರು ಅಂತ ನಾನು ಹೇಳ್ತಿಲ್ಲ. ಒಳ್ಳೆ ಮೇಸ್ತ್ರಿ ಈ ಮಾತಿಗೆ ಬೇಜಾರು ಮಾಡಿಕೊಳ್ಳೋಲ್ಲ.

ಮನೆಯಲ್ಲಿ ಒಂದು ನೋಟ್‌ಬುಕ್ ನೀವೇ ಇಟ್ಟುಕೊಳ್ಳಿ. ತಾರೀಖು, ಮೀಟರಿನ ಅಂಕಿ, ಏನು ಹಾಕಿದರು, ಎಷ್ಟು ರೂಪಾಯಿ. ಆರು ತಿಂಗಳ ಹಿಂದೆ ಹಾಕಿದ ಸಾಮಾನು ಮತ್ತೆ ಹೋಯಿತು ಅಂದರೆ ಆ ಪುಟ ತೋರಿಸಿ ಕೇಳಬಹುದು. ವರ್ಷದ ಕೊನೆಗೆ ಕೂಡಿ ನೋಡಿ. ರಿಪೇರಿ ಖರ್ಚು ವ್ಯಾನಿನ ಬೆಲೆಗೆ ಹತ್ತಿರ ಬಂದರೆ, ಮಾರೋಣವೇ ಅಂತ ಮನೆಯಲ್ಲಿ ಮಾತಾಡಿ. 15 ವರ್ಷ ತುಂಬಿದ ವ್ಯಾನಿಗೆ ನೋಂದಣಿಯನ್ನೂ ಹೊಸದು ಮಾಡಿಸಬೇಕು. ಆ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ.

ಟೈರಿನ ವಯಸ್ಸು ಟೈರಿನ ಮೇಲೇ ಬರೆದಿರುತ್ತೆ. ಪಕ್ಕದಲ್ಲಿ ಉದ್ದನೆ ಗೋಲದೊಳಗೆ 4 ಅಂಕಿ ಇರುತ್ತೆ. ಈ ಕಡೆ ಕಾಣದಿದ್ದರೆ ಒಳಬದಿ ನೋಡಿ. 2319 ಅಂತ ಇದ್ದರೆ, 2019ನೇ ಇಸವಿಯ 23ನೇ ವಾರ ಮಾಡಿದ ಟೈರು. "ಹೊಸದು" ಅಂತ ಮಾರೋದು ಎಷ್ಟು ಹಳೇದು ಅಂತ ಗೊತ್ತಾಗುತ್ತೆ.

ನಾಳೆ ಸಂಜೆ ಕೇಂದ್ರದ ಮುಂದೆ ಒಂದು ವ್ಯಾನು ನಿಲ್ಲಿಸಿರುತ್ತೇವೆ. ಸ್ಲೇಟು ತನ್ನಿ. ನಾಲ್ಕೂ ಟೈರಿನ ಅಂಕಿ ಓದಿ ಬರೆಯೋಣ. ಸ್ಟೆಪ್ನಿ ಮರೀಬೇಡಿ, ಅದರದ್ದೂ ಸೇರಿ ಐದು.